ದುಬಾರಿ ಗೇಮಿಂಗ್ ಮೌಸ್, ಕೀಬೋರ್ಡ್‌ಗೆ ಅಷ್ಟು ದುಡ್ಡು ಹಾಕಬಹುದಾ?

ಬೆಣ್ಣೆನಗರಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಈಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ದಿನಾ ರಾತ್ರಿ ಎರಡು ಗಂಟೆ ವ್ಯಾಲರಂಟ್ ಅನ್ನುವ ಆನ್‌ಲೈನ್ ಶೂಟಿಂಗ್ ಆಟ ಆಡುತ್ತೇನೆ. ಗೋಲ್ಡ್ ರ‍್ಯಾಂಕಿಗೆ ಬಂದು ನಾಲ್ಕು ತಿಂಗಳಾಯಿತು, ಅಲ್ಲಿಂದ ಮೇಲಕ್ಕೆ ಹೋಗುತ್ತಲೇ ಇಲ್ಲ.

ಈಗ ಇರುವುದು 350 ರೂಪಾಯಿಯ ಆಫೀಸ್ ಮೌಸ್, ಕಂಪ್ಯೂಟರ್ ಜೊತೆ ಬಂದ ಮಾಮೂಲಿ ಕೀಬೋರ್ಡ್, 60 ಹರ್ಟ್ಸ್ ಮಾನಿಟರ್. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ಮನೆಗೆ ಕಳಿಸಿ ಉಳಿದದ್ದರಲ್ಲಿ 18 ಸಾವಿರ ಕೂಡಿಟ್ಟಿದ್ದೇನೆ. ಜೊತೆಗೆ ಆಡುವ ಗೆಳೆಯ ಒಬ್ಬ ಇದ್ದಾನೆ, 60 ಗ್ರಾಂ ತೂಕದ ವೈರ್‌ಲೆಸ್ ಮೌಸ್ ಮತ್ತು ಮ್ಯಾಗ್ನೆಟಿಕ್ ಕೀಬೋರ್ಡ್ ಇಲ್ಲದೆ ಮುಂದಿನ ರ‍್ಯಾಂಕಿನ ಆಸೆ ಬಿಡು ಅನ್ನುತ್ತಾನೆ. ಆ ಎರಡಕ್ಕೇ ಇರುವ ದುಡ್ಡೆಲ್ಲ ಹೋಗುತ್ತದೆ. ಇಷ್ಟು ದುಡ್ಡು ಒಂದೇ ಸಲ ಖರ್ಚು ಮಾಡುವುದು ಇದೇ ಮೊದಲು, ಅದಕ್ಕೇ ಭಯ. ನಿಜವಾಗಿಯೂ ಆಟದಲ್ಲಿ ವ್ಯತ್ಯಾಸ ಗೊತ್ತಾಗುತ್ತಾ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ಹೆಡ್‌ಶಾಟ್_ಹಾಸನ

ಬ್ರೋ, ದುಡ್ಡು ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಮೊದಲು ಒಂದು ಲೆಕ್ಕ ಮಾಡೋಣ.

ಮಾಮೂಲಿ ಆಫೀಸ್ ಮೌಸ್ ಸೆಕೆಂಡಿಗೆ 125 ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ. ಗೇಮಿಂಗ್ ಮೌಸ್ 1000 ಸಲ ಮುಟ್ಟಿಸುತ್ತದೆ, ಅಂದರೆ 1 ಮಿಲಿಸೆಕೆಂಡಿಗೆ ಒಂದು ಸಲ. ಉಳಿತಾಯ ಜಾಸ್ತಿ ಅಂದರೆ 7 ಮಿಲಿಸೆಕೆಂಡ್. ಈಗ ಡಬ್ಬಿಯ ಮೇಲೆ 8000 ಹರ್ಟ್ಸ್ ಅಂತ ದೊಡ್ಡದಾಗಿ ಬರೆದು ಮಾರುತ್ತಾರಲ್ಲ, ಅದು 1 ಮಿಲಿಸೆಕೆಂಡನ್ನು 0.125ಕ್ಕೆ ಇಳಿಸುತ್ತದೆ. ಒಂದು ಮಿಲಿಸೆಕೆಂಡೂ ಪೂರ್ತಿ ಉಳಿಯಲಿಲ್ಲ, ಅದರ ಮೇಲೆ ಪ್ರೊಸೆಸರಿಗೆ ಹೊರೆ ಬೇರೆ.

ನಿಮ್ಮ ಮಾನಿಟರ್ ನೋಡಿ. 60 ಹರ್ಟ್ಸ್ ಅಂದರೆ ಹೊಸ ಚಿತ್ರ ಬರುವುದು 16.7 ಮಿಲಿಸೆಕೆಂಡಿಗೆ ಒಂದು. 144 ಹರ್ಟ್ಸ್ ಆದರೆ 6.9ಕ್ಕೆ ಒಂದು. ಎದುರಾಳಿ ಮೂಲೆಯಿಂದ ತಲೆ ಹಾಕಿದ್ದು ಕಣ್ಣಿಗೇ ತಡವಾಗಿ ಕಂಡರೆ ಕೈಯಲ್ಲಿ ಎಷ್ಟು ವೇಗದ ಮೌಸ್ ಇದ್ದು ಏನು ಪ್ರಯೋಜನ, ಅಲ್ವಾ? ನೋಡಿ ಒತ್ತಲು ನಮಗೆ ಹೇಗೂ 200 ಮಿಲಿಸೆಕೆಂಡಿನ ಆಸುಪಾಸು ಬೇಕು, ಅದು ಯಾವ ಅಂಗಡಿಯಲ್ಲೂ ಕಡಿಮೆ ಆಗುವುದಿಲ್ಲ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಹತ್ತು ಸಾವಿರದ ಆಸುಪಾಸಿನ 144 ಹರ್ಟ್ಸ್ ಮಾನಿಟರ್ ಮೊದಲು ತೆಗೆದುಕೊಳ್ಳುತ್ತೇನೆ. ವ್ಯಾಲರಂಟ್ ಹಗುರವಾದ ಆಟ, ಸಾಧಾರಣ ಗ್ರಾಫಿಕ್ಸ್ ಕಾರ್ಡಿನಲ್ಲೂ ಸೆಕೆಂಡಿಗೆ 144 ಫ್ರೇಮ್, ಅಂದರೆ ಚಿತ್ರ, ಬರುತ್ತದೆ. ಆದರೂ ನಿಮ್ಮದರಲ್ಲಿ ಎಷ್ಟು ಬರುತ್ತಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಹಾಗಂತ ಆ 350ರ ಮೌಸ್ ಇಟ್ಟುಕೊಳ್ಳಿ ಅಂತ ಖಂಡಿತ ಹೇಳುವುದಿಲ್ಲ. ಅದನ್ನು ಜೋರಾಗಿ ಎಳೆದಾಗ ಸೆನ್ಸರಿಗೆ ದಾರಿ ತಪ್ಪುತ್ತದೆ, ಕರ್ಸರ್ ಎಲ್ಲೋ ಹೋಗಿ ನಿಲ್ಲುತ್ತದೆ. 1,500ರ ಆಸುಪಾಸಿಗೆ ಸಿಗುವ ಲಾಜಿಟೆಕ್ ಜಿ102ನಲ್ಲಿ ಆ ತೊಂದರೆ ಇಲ್ಲ, 85 ಗ್ರಾಂ, 1000 ಹರ್ಟ್ಸ್. ವೈರ್ ಬೇಡ ಅಂದರೆ 3,000ದ ಹತ್ತಿರ ಜಿ304 ಇದೆ. ಒಳಗೆ ಒಂದು ಎಎ ಸೆಲ್ ಹಾಕಬೇಕು, ಅದಕ್ಕೇ 99 ಗ್ರಾಂ ತೂಗುತ್ತದೆ. ಇವುಗಳ ಸೆನ್ಸರ್ ನಿಮ್ಮ ಕೈಗಿಂತ ಚುರುಕು, ನನ್ನ ಕೈಗಿಂತಲೂ ಚುರುಕು. ಇದಕ್ಕಿಂತ ಮೇಲೆ 14 ಸಾವಿರದವರೆಗೆ ಕೊಟ್ಟರೆ ಸಿಗುವುದು ಕಡಿಮೆ ತೂಕ, ಒಳ್ಳೆಯ ಬ್ಯಾಟರಿ, ಬೇರೆ ಆಕಾರ. ಅವು ಸುಳ್ಳಲ್ಲ, ಆದರೆ ಮೊದಲ ಮೆಟ್ಟಿಲಲ್ಲಿ ಸಿಕ್ಕಷ್ಟು ಲಾಭ ಅಲ್ಲಿ ಸಿಗುವುದಿಲ್ಲ. 25,000 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಕರ್ಸರ್ ಎಷ್ಟು ಚುಕ್ಕೆ ಸರಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದದ್ದನ್ನಂತೂ ಓದಲೇಬೇಡಿ. ದೊಡ್ಡ ಆಟಗಾರರೇ ಹೆಚ್ಚಾಗಿ 400, 800, 1600ರಲ್ಲಿ ಆಡುತ್ತಾರೆ.

ಇವತ್ತೇ ಪುಕ್ಕಟೆ ಮಾಡಬಹುದಾದದ್ದು ಒಂದಿದೆ. ವಿಂಡೋಸ್ ಮೌಸ್ ಸೆಟ್ಟಿಂಗ್‌ನಲ್ಲಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್' ಆಫ್ ಮಾಡಿ, ಅದು ಮೌಸ್ ಎಳೆದ ವೇಗ ನೋಡಿ ಕರ್ಸರ್ ಹೋಗುವ ದೂರ ಬದಲಿಸುತ್ತದೆ. ಆಟದೊಳಗೆ ಅದರಿಂದ ಏನೂ ಆಗದೇ ಇರಬಹುದು, ಆದರೆ ಹೊರಗೂ ಒಳಗೂ ಕೈಗೆ ಒಂದೇ ಅಳತೆ ರೂಢಿಯಾಗುತ್ತದೆ. ಆಮೇಲೆ ಒಂದು ಅಗಲವಾದ ಬಟ್ಟೆಯ ಮೌಸ್‌ಪ್ಯಾಡ್, 500 ರೂಪಾಯಿ ಸಾಕು.

ಟೈಪಿಂಗ್_ಅಕ್ಕ

ತಮ್ಮ, ನಾನು ಆಟ ಆಡುವವಳಲ್ಲ. ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ, ಹದಿನಾರು ವರ್ಷದಿಂದ ದಿನಾ ಕನ್ನಡ ಟೈಪ್ ಮಾಡುತ್ತೇನೆ. ಲಗ್ನಪತ್ರಿಕೆ, ಪುಸ್ತಕ, ಪ್ರಶ್ನೆಪತ್ರಿಕೆ, ಎಲ್ಲವೂ. ಕೀಬೋರ್ಡ್ ಬಗ್ಗೆ ಮಾತ್ರ ಹೇಳುತ್ತೇನೆ.

ಮಾಮೂಲಿ ಕೀಬೋರ್ಡ್ ಒಳಗೆ ರಬ್ಬರ್ ಹಾಳೆ ಇರುತ್ತದೆ. ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ, ವರ್ಷ ಕಳೆದಂತೆ ಮೆತ್ತಗಾಗಿ, ಯಾವ ಕೀ ಒತ್ತಿದೆ ಯಾವುದು ಒತ್ತಿಲ್ಲ ಅಂತ ಬೆರಳಿಗೇ ತಿಳಿಯದ ಹಾಗೆ ಆಗುತ್ತದೆ. ನಾವು 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಒತ್ತಕ್ಷರ ಬಂದಾಗಲೆಲ್ಲ ಎಫ್ ಕೀ ಒತ್ತಬೇಕು. 'ಕನ್ನಡ' ಅಂತ ಬರೆಯಲೂ ಅದು ಬೇಕು. ಹಾಗಾಗಿ ನನ್ನ ಪ್ರತಿ ಕೀಬೋರ್ಡಿನಲ್ಲೂ ಮೊದಲು ಸಾಯುತ್ತಿದ್ದದ್ದು ಎಫ್. ಒಂದು ಕೀಗಾಗಿ ಪೂರ್ತಿ ಕೀಬೋರ್ಡ್ ಎಸೆಯಬೇಕು. ಹೀಗೆ ಐದು ಎಸೆದಿದ್ದೇನೆ.

ನಾಲ್ಕು ವರ್ಷದ ಹಿಂದೆ ತಮ್ಮನ ಮಗ 3,200 ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡ್ ತರಿಸಿಕೊಟ್ಟ. ಅದರಲ್ಲಿ ಪ್ರತಿ ಕೀಗೂ ಬೇರೆ ಸ್ವಿಚ್. ಹಾಳಾದರೆ ಅದೊಂದನ್ನೇ ಚಿಮಟದಲ್ಲಿ ಕಿತ್ತು ಹೊಸದು ಕೂರಿಸಬಹುದು, ಬೆಸುಗೆ ಬೇಡ. ಹಾಟ್ ಸ್ವಾಪ್ ಅನ್ನುತ್ತಾರೆ, ತೆಗೆದುಕೊಂಡರೆ ಅಂಥದ್ದನ್ನೇ ತೆಗೆದುಕೋ. ಎಫ್ ಸ್ವಿಚ್ ಒಮ್ಮೆ ಬದಲಾಯಿಸಿದ್ದೇನೆ, ಮೂವತ್ತು ರೂಪಾಯಿಯೂ ಆಗಲಿಲ್ಲ. ಸಂಜೆ ಹೊತ್ತಿಗೆ ಬೆರಳಿನ ಗಂಟು ನೋಯುತ್ತಿದ್ದದ್ದು ಈಗ ಬಹಳ ಕಡಿಮೆ ಆಗಿದೆ. ಇದು ನನಗೆ ದೊಡ್ಡ ವಿಷಯ.

ಬಣ್ಣ ನೋಡಿಕೋ. ನೀಲಿ ಸ್ವಿಚ್ ಟಕ್ ಟಕ್ ಅಂತ ಸದ್ದು ಮಾಡುತ್ತದೆ, ಪಿಜಿಯಲ್ಲಿ ರಾತ್ರಿ ಹೊತ್ತು ಬೇಡವೇ ಬೇಡ. ಕೆಂಪು ಸಲೀಸಾಗಿ ಇಳಿಯುತ್ತದೆ. ಕಂದು ಬಣ್ಣದ್ದರಲ್ಲಿ ನಡುವೆ ಸಣ್ಣ ತಡೆ ಸಿಗುತ್ತದೆ, ನನಗೆ ಅದೇ ಹಿತ. ಕೀ ಮೇಲಿನ ಟೋಪಿ ಪಿಬಿಟಿ ಪ್ಲಾಸ್ಟಿಕ್ಕಿನದಿದ್ದರೆ ಬೇಗ ಸವೆದು ಹೊಳಪು ಬರುವುದಿಲ್ಲ. ಒಳಗಿನ ಬಣ್ಣ ಬಣ್ಣದ ಲೈಟಿಗೆ ಸುಮ್ನೆ ಸಾವಿರ ರೂಪಾಯಿ ಜಾಸ್ತಿ ಕೊಡಬೇಡ.

ಕರಾವಳಿ_ಕ್ಲಚ್

ಹಾಸನದವರ ಲೆಕ್ಕ ಸರಿ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಮ್ಯಾಗ್ನೆಟಿಕ್ ಕೀಬೋರ್ಡ್ ಬರೀ ಮಿಲಿಸೆಕೆಂಡಿನ ಮಾತಲ್ಲ.

ಸಾದಾ ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ಕೀ ಸುಮಾರು 2 ಮಿ.ಮೀ. ಇಳಿದಾಗ ಒತ್ತಿತು ಅಂತ ಲೆಕ್ಕ, ಮತ್ತೆ ಆ ಮಟ್ಟ ದಾಟಿ ಮೇಲೆ ಬಂದಾಗಲೇ ಬಿಟ್ಟಿತು ಅಂತ ಲೆಕ್ಕ. ಮ್ಯಾಗ್ನೆಟಿಕ್‌ನಲ್ಲಿ ಕೀ ಎಷ್ಟು ಆಳದಲ್ಲಿದೆ ಅಂತ ಸೆನ್ಸರ್ ಅಳೆಯುತ್ತಲೇ ಇರುತ್ತದೆ, ಬೆರಳು 0.1 ಮಿ.ಮೀ. ಎತ್ತಿದರೂ ಬಿಟ್ಟಿತು ಅಂತ ತಿಳಿಯುತ್ತದೆ. ರ‍್ಯಾಪಿಡ್ ಟ್ರಿಗರ್ ಅಂದರೆ ಇದೇ. ವ್ಯಾಲರಂಟ್‌ನಲ್ಲಿ ಓಡುತ್ತಾ ಹೊಡೆದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ, ನಿಂತು ಹೊಡೆಯಬೇಕು. ನಿಲ್ಲುವುದು ಬೇಗ ಆದಷ್ಟೂ ಮೊದಲ ಗುಂಡು ಸರಿಯಾಗಿ ಬೀಳುತ್ತದೆ. ನನಗೆ ಎರಡೇ ದಿನದಲ್ಲಿ ವ್ಯತ್ಯಾಸ ಗೊತ್ತಾಯಿತು, ಇದನ್ನು ಮನಸಾರೆ ಹೇಳುತ್ತೇನೆ. ಮೊದಲು ವೂಟಿಂಗ್ ಥರದ ದುಬಾರಿ ಕೀಬೋರ್ಡಿನಲ್ಲಿ ಮಾತ್ರ ಇದ್ದದ್ದು ಈಗ ನಾಲ್ಕೈದು ಸಾವಿರದ ಚೀನಾ ಕೀಬೋರ್ಡುಗಳಲ್ಲೂ ಬಂದಿದೆ. ಆದರೆ ಎಡ-ಬಲ ಎರಡೂ ಕೀ ಒಟ್ಟಿಗೆ ಒತ್ತಿದಾಗ ಕೊನೆಯದನ್ನು ಮಾತ್ರ ಹಿಡಿಯುವ ಸ್ನ್ಯಾಪ್ ಟ್ಯಾಪ್ ಥರದ ಸೌಲಭ್ಯ ನೋಡಿ ಮರುಳಾಗಬೇಡಿ. ಕೌಂಟರ್ ಸ್ಟ್ರೈಕ್ 2 ಆಟ ಮಾಡಿದ ವಾಲ್ವ್ ಕಂಪನಿಯ ಸರ್ವರ್‌ಗಳಲ್ಲಿ ಅದನ್ನು 2024ರ ಆಗಸ್ಟ್‌ನಲ್ಲಿ ನಿಷೇಧಿಸಿದರು. ಮುಂದೆ ಆ ಆಟಕ್ಕೆ ಹೋದರೆ ಆಫ್ ಮಾಡಿಯೇ ಆಡಬೇಕು.

ದುಬಾರಿ ಮೌಸ್ ಬಗ್ಗೆ ಮಾತ್ರ ನನಗೆ ಬೇಜಾರಿದೆ. 7,500 ಕೊಟ್ಟು ತಂದದ್ದು ಹದಿನಾಲ್ಕನೇ ತಿಂಗಳಿಗೆ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗಲು ಶುರುವಾಯಿತು. ಒಳಗಿನ ಸಣ್ಣ ಲೋಹದ ಎಲೆ ಸವೆದರೆ ಅಥವಾ ಕಿಲುಬು ಹಿಡಿದರೆ ಹೀಗಾಗುತ್ತದೆ. ವಾರಂಟಿ ಎರಡು ವರ್ಷ ಇತ್ತು, ಆದರೂ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲ ಅಂತ ಸರ್ವಿಸ್ ಸೆಂಟರಿನವರು ಮೂರು ಸಲ ತಿರುಗಿಸಿದರು. ಅದಕ್ಕೇ ಹೇಳುತ್ತೇನೆ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬಿ ಎಸೆಯಬೇಡಿ. ಸಾಧ್ಯವಾದರೆ ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್ ಇರುವ ಮೌಸ್ ನೋಡಿ, ಅದರಲ್ಲಿ ಕ್ಲಿಕ್ ಗೊತ್ತಾಗುವುದು ಲೋಹಕ್ಕೆ ಲೋಹ ತಾಗಿ ಅಲ್ಲ, ಹಾಗಾಗಿ ಈ ತೊಂದರೆ ಕಡಿಮೆ.

ಬೆಣ್ಣೆನಗರಿ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಬಿಡುವು ಮಾಡಿಕೊಂಡು ಇಷ್ಟು ಬರೆದಿರಿ, ಖುಷಿಯಾಯಿತು.

ಶನಿವಾರ ಎಸ್‌ಪಿ ರೋಡಿಗೆ ಹೋಗಿದ್ದೆ. ನಾಲ್ಕು ಅಂಗಡಿ ಸುತ್ತಿ ಡೆಮೊ ಮೌಸ್‌ಗಳನ್ನು ಹಿಡಿದು ನೋಡಿದೆ. ನನ್ನ ಕೈ ದೊಡ್ಡದು, ಅಂಗೈ ಪೂರ್ತಿ ಊರಿ ಹಿಡಿಯುವ ಅಭ್ಯಾಸ, ಜಿ304 ಚಿಕ್ಕದಾಯಿತು. ಗೆಳೆಯ ಹೇಳಿದ 60 ಗ್ರಾಂನ ಮೌಸ್ ಕೂಡ ಹಿಡಿದೆ. ಹಗುರ ಅಂದರೆ ಹಗುರ, ಆದರೆ ಕಿರುಬೆರಳು ಪ್ಯಾಡಿಗೆ ತಾಗುತ್ತಿತ್ತು. ಆನ್‌ಲೈನಲ್ಲಿ ತರಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ 2,100ಕ್ಕೆ ಬೆನ್ನು ಉಬ್ಬಿದ ವೈರ್ ಮೌಸ್ ಒಂದು ತೆಗೆದುಕೊಂಡೆ, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿದೆ. 144 ಹರ್ಟ್ಸ್ ಮಾನಿಟರ್ ಬುಕ್ ಮಾಡಿದ್ದೇನೆ, ಮಂಗಳವಾರ ಬರುತ್ತದೆ. ಉಳಿದ ದುಡ್ಡಲ್ಲಿ ಮ್ಯಾಗ್ನೆಟಿಕ್ ಕೀಬೋರ್ಡ್ ತೆಗೆದುಕೊಳ್ಳುವ ಆಸೆ ಇದೆ, ಆದರೆ ಎರಡು ತಿಂಗಳು ಹೀಗೇ ಆಡಿ ನೋಡುತ್ತೇನೆ.

ಹೆಡ್‌ಶಾಟ್_ಹಾಸನ

ಒಳ್ಳೆಯ ಕೆಲಸ ಮಾಡಿದಿರಿ. ಮಾನಿಟರ್ ಬಂದ ದಿನ ಡಿಸ್‌ಪ್ಲೇ ಪೋರ್ಟ್ ಕೇಬಲ್ ಹಾಕಿ, ಆಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 144 ಹರ್ಟ್ಸ್ ಆರಿಸಿ. ಎಷ್ಟೋ ಸಲ ಅದು 60ರಲ್ಲೇ ಉಳಿದಿರುತ್ತದೆ. ನನ್ನ ತಂಗಿಯ ಕಂಪ್ಯೂಟರಿನಲ್ಲಿ ಐದು ತಿಂಗಳು ಹಾಗೇ ಇತ್ತು.