‘ಕನ್ವರ್ಜ್ ಆಯಿತು’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮೂರು ಹೊಸನಗರದ ಕಡೆ. ಅಡಿಕೆ ಡ್ರೈಯರಿನೊಳಗೆ ಬಿಸಿಗಾಳಿ ಹೇಗೆ ಸುತ್ತುತ್ತದೆ, ಯಾವ ಮೂಲೆಗೆ ತಲುಪುವುದಿಲ್ಲ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನನ್ನ ಓದಿನ ವಿಷಯ. ಅದಕ್ಕೆ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಲ್ಯಾಪ್‌ಟಾಪ್ ಈ ಲೆಕ್ಕದ ಭಾರ ತಡೆದುಕೊಳ್ಳುವುದಿಲ್ಲ. ಅದಕ್ಕೇ ಮನೆಯಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನೊಳಗೆ ಹೋಗಿ ಕೆಲಸ ಮಾಡುವ ದಾರಿ) ಮೂಲಕ ಯೂನಿವರ್ಸಿಟಿಯ ಸರ್ವರಿಗೆ ಲಾಗಿನ್ ಆಗಿ ಅಲ್ಲೇ ಓಡಿಸುತ್ತೇನೆ. ಈ ಕೆಲಸದಲ್ಲಿ ‘ಕನ್ವರ್ಜ್’ ಎಂಬ ಪದ ನನ್ನನ್ನು ಬಹಳ ಕಾಡಿದೆ. ಲೆಕ್ಕವನ್ನು ಸುತ್ತು ಸುತ್ತಾಗಿ ಮಾಡುತ್ತಾ ಹೋಗಿ, ಒಂದು ಸುತ್ತಿನಿಂದ ಇನ್ನೊಂದಕ್ಕೆ ಉತ್ತರ ಹೆಚ್ಚೇನೂ ಬದಲಾಗದ ಹಂತ ಬಂದರೆ ಅದು ಕನ್ವರ್ಜ್ ಆಯಿತು ಅನ್ನುತ್ತಾರೆ.

ಆದದ್ದು ಇಷ್ಟು. ಕಳೆದ ಆಷಾಢದಲ್ಲಿ ಒಂದು ಲೆಕ್ಕ ಎರಡು ದಿನದಿಂದ ಓಡುತ್ತಿತ್ತು. ಮಳೆ ಬಿಟ್ಟಿರಲಿಲ್ಲ, ಕರೆಂಟ್ ಇರಲಿಲ್ಲ. ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್. ಅಲ್ಲಿ ನಿಂತು ಫೋನಿನಿಂದಲೇ ಲಾಗ್ ಫೈಲ್ (ಲೆಕ್ಕ ಎಲ್ಲಿಗೆ ಬಂತು ಅಂತ ಪ್ರೋಗ್ರಾಂ ಬರೆದಿಡುವ ಕಡತ) ನೋಡಿದೆ. ಕೊನೆಯಲ್ಲಿ ‘ಕನ್ವರ್ಜ್ಡ್’ ಎಂಬ ಸಾಲು ಬಂದಿತ್ತು. ಖುಷಿಯಿಂದ ಜೊತೆಗೆ ಕೆಲಸ ಮಾಡುವ ಗೆಳತಿಗೆ ‘ನಿಂತಿತು’ ಅಂತ ಒಂದೇ ಪದ ಕಳಿಸಿದೆ. ಜಾಬ್, ಅಂದರೆ ಸರ್ವರಿನಲ್ಲಿ ಓಡುತ್ತಿದ್ದ ಆ ಲೆಕ್ಕ, ಸತ್ತಿದೆ ಅಂದುಕೊಂಡ ಅವಳು ಅದನ್ನು ಮೊದಲಿನಿಂದ ಮತ್ತೆ ಹಾಕಿದಳು. ನಮ್ಮ ಸ್ಕ್ರಿಪ್ಟ್ ಶುರುವಾಗುವಾಗ ಹಳೆಯ ಫಲಿತಾಂಶ ಅಳಿಸಿ ಶುರುವಾಗುತ್ತದೆ. ಎರಡು ದಿನದ ಲೆಕ್ಕ ಹೋಯಿತು.

ಅವಳು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ನಾವೆಲ್ಲ ‘ನಿಂತಿತು’ ಅನ್ನುವುದೇ ಕೆಟ್ಟು ನಿಂತಾಗ. ಎಸ್‌ಎಸ್‌ಎಚ್‌ನಲ್ಲಿ ಸುಮ್ನೆ ಓಡಿಸಿದ ಪ್ರೋಗ್ರಾಂ ಕನೆಕ್ಷನ್ ಕಡಿದರೆ ಸಾಮಾನ್ಯವಾಗಿ ಅದರ ಜೊತೆಗೇ ಸಾಯುತ್ತದೆ. ಕನೆಕ್ಷನ್ ಹೋದರೂ ಕೆಲಸ ಉಳಿಸಿಕೊಳ್ಳುವ ಟಿಮಕ್ಸ್ ಎಂಬ ಪ್ರೋಗ್ರಾಂ ಒಳಗೆ ಓಡಿಸಿದರೆ, ಅಥವಾ ಸರ್ವರಿನಲ್ಲಿ ಕೆಲಸಗಳನ್ನು ಸರದಿಯಂತೆ ಓಡಿಸುವ ಸ್ಲರ್ಮ್‌ನ ಸರದಿಗೆ ಹಾಕಿ ಬಂದರೆ, ನಮ್ಮ ಮನೆಯಲ್ಲಿ ಕರೆಂಟ್ ಹೋದರೂ ಅಲ್ಲಿ ನಡೆಯುತ್ತಲೇ ಇರುತ್ತದೆ. ಇಲ್ಲಿ ಇನ್ನೊಂದು ತೊಡಕಿದೆ. ಎಷ್ಟು ಸಣ್ಣ ವ್ಯತ್ಯಾಸ ಸಾಕು ಅಂತ ಮೊದಲೇ ಹೇಳಿಟ್ಟಿದ್ದರೆ, ಕನ್ವರ್ಜ್ ಆದ ತಕ್ಷಣ ಪ್ರೋಗ್ರಾಂ ತಾನಾಗಿಯೇ ನಿಲ್ಲುತ್ತದೆ. ಗೆದ್ದರೂ ‘ನಿಂತಿತು’, ಸತ್ತರೂ ‘ನಿಂತಿತು’!

ಕೆಲವು ಗಣಿತದ ಪುಸ್ತಕಗಳಲ್ಲಿ ‘ಅಭಿಸರಣ’ ಎಂಬ ಪದ ನೋಡಿದ್ದೇನೆ. ಅದನ್ನು ಫೋನಿನಲ್ಲಿ ಹೇಳಿದರೆ ಯಾರಿಗೆ ಅರ್ಥವಾದೀತು? ‘ಅಭಿಸಾರಿಕೆ’ಯ ನೆನಪಾಗುವವರೇ ಜಾಸ್ತಿ. ‘ಒಮ್ಮುಖವಾಗು’ ಅನ್ನುವುದು ದಾರಿಗಳಿಗೆ, ಬೆಳಕಿನ ಕಿರಣಗಳಿಗೆ ಒಪ್ಪುತ್ತದೆ. ಇಲ್ಲಿ ಹಲವು ಬಂದು ಒಂದಾಗುವುದಿಲ್ಲ. ಒಂದೇ ಲೆಕ್ಕವನ್ನು ಸುತ್ತು ಸುತ್ತಾಗಿ ಮಾಡುತ್ತಾ ಹೋದ ಹಾಗೆ ಉತ್ತರದ ಅಲುಗಾಟ ಕಡಿಮೆಯಾಗುತ್ತದೆ, ಅಷ್ಟೇ.

ಅಮ್ಮ ಉಂಡೆಗೆ ಪಾಕ ತೆಗೆಯುತ್ತಾ ಇದನ್ನೆಲ್ಲ ಕೇಳಿದಳು. ‘ಹಂಗಾದ್ರೆ ಲೆಕ್ಕ ಹದಕ್ಕೆ ಬರೋದು ಅನ್ನು’ ಅಂದಳು. ಎಷ್ಟು ಚೆನ್ನಾಗಿದೆ ಅಲ್ವಾ! ಹಾಲು ಹಿಂದೆ ‘ಪಾಲು’ ಆಗಿದ್ದಂತೆ ಹದ ಹಳಗನ್ನಡದ ‘ಪದ’. ತಮಿಳಿನಲ್ಲಿ ಈಗಲೂ ಪದಂ ಅನ್ನುತ್ತಾರೆ. ಒಂದೆಳೆ ಪಾಕ, ಎರಡೆಳೆ ಪಾಕ ಅಂತ ಹದಕ್ಕೆ ಮೆಟ್ಟಿಲುಗಳೂ ಇವೆ. ನಮಗೂ ಹಾಗೆಯೇ. ಒಬ್ಬರಿಗೆ ಸಾವಿರದಲ್ಲಿ ಒಂದರಷ್ಟು ವ್ಯತ್ಯಾಸ ಸಾಕು, ಇನ್ನೊಬ್ಬರಿಗೆ ಹತ್ತು ಲಕ್ಷದಲ್ಲಿ ಒಂದಕ್ಕೆ ಇಳಿಯಬೇಕು.

ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹದ ಅಂದರೆ ಸರಿಯಾಗಿದೆ ಅಂತಲೇ ಅರ್ಥ. ಕನ್ವರ್ಜ್ ಆದ ಉತ್ತರ ಸರಿಯೇ ಇರಬೇಕೆಂದಿಲ್ಲ. ಡ್ರೈಯರಿನ ಬಾಗಿಲಲ್ಲಿ ಗಾಳಿಯ ವೇಗ ತಪ್ಪು ಕೊಟ್ಟರೂ ಲೆಕ್ಕ ಚೆಂದವಾಗಿಯೇ ಕನ್ವರ್ಜ್ ಆಗುತ್ತದೆ. ಅಡಿಕೆ ಮಾತ್ರ ಒಣಗುವುದಿಲ್ಲ. ಮತ್ತೆ, ಹದ ಮೀರಿದರೆ ಪಾಕ ಕೆಡುತ್ತದೆ. ಈ ಲೆಕ್ಕವನ್ನು ಇನ್ನೂ ನೂರು ಸುತ್ತು ಓಡಿಸಿದರೆ ಕೆಡುವುದೇನಿಲ್ಲ.

ಅಪ್ಪಯ್ಯನ ಮಾತು ನನಗೆ ಹೆಚ್ಚು ಹತ್ತಿರ ಅನ್ನಿಸಿತು. ತಕ್ಕಡಿಯಲ್ಲಿ ಅಡಿಕೆ ತೂಗುವಾಗ ಅವರು ‘ಮುಳ್ಳು ನಿಲ್ಲಲಿ, ಆಮೇಲೆ ತೂಕ ಹೇಳು’ ಅನ್ನುತ್ತಿದ್ದರು. ಮುಳ್ಳು ಆಚೆ ಈಚೆ ತೂಗಿ, ತೂಗು ಕಡಿಮೆಯಾಗುತ್ತಾ ಬಂದು ನಿಲ್ಲುತ್ತದೆ. ಕನ್ವರ್ಜ್ ಆಗುವುದೂ ಇದೇ. ಬಟ್ಟಿನಲ್ಲಿ ಮೋಸವಿದ್ದರೂ ಮುಳ್ಳು ನಿಂತೇ ನಿಲ್ಲುತ್ತದೆ. ನಿಂತದ್ದು ಬೇರೆ, ತೂಕ ಸರಿಯಿರುವುದು ಬೇರೆ. ನನಗೆ ಬೇಕಾದ ಅರ್ಥ ಪೂರಾ ಇದರಲ್ಲಿದೆ. ಆದರೆ ಮುಳ್ಳನ್ನು ಬಿಟ್ಟು ಬರೀ ‘ನಿಂತಿತು’ ಅಂದರೆ ಮತ್ತೆ ಆಷಾಢದ ಕಥೆಯೇ.

ಈಗ ನಾನೂ ಗೆಳತಿಯೂ ‘ನೆಲೆ ನಿಂತಿತು’ ಅಂತ ಬರೆಯತೊಡಗಿದ್ದೇವೆ. ನಿಲ್ಲು, ನೆಲೆ ಎರಡೂ ಒಂದೇ ಬೇರಿನವು. ಆದರೆ ಕೆಟ್ಟು ನಿಂತದ್ದಕ್ಕೆ ಯಾರೂ ‘ನೆಲೆ ನಿಂತಿತು’ ಅನ್ನುವುದಿಲ್ಲ. ಕನ್ವರ್ಜ್ ಆಗದ್ದಕ್ಕೆ ‘ಲೆಕ್ಕ ಇನ್ನೂ ತೂಗಾಡ್ತಿದೆ’, ಡೈವರ್ಜ್ ಆದದ್ದಕ್ಕೆ, ಅಂದರೆ ಅಲುಗಾಟ ಕಡಿಮೆಯಾಗುವ ಬದಲು ಹೆಚ್ಚುತ್ತಲೇ ಹೋದದ್ದಕ್ಕೆ, ‘ಲೆಕ್ಕ ಹಿಡಿತ ತಪ್ಪಿತು’ ಅನ್ನುತ್ತೇವೆ. ಈ ಎರಡನ್ನು ಗೆಳತಿ ಮೊದಲ ಸಲಕ್ಕೇ ಹಿಡಿದಳು, ಬಿಡಿಸಿ ಹೇಳಬೇಕಾಗಲಿಲ್ಲ.

ನಿಮ್ಮನ್ನು ಕೇಳಬೇಕಾದದ್ದು ಎರಡು. ‘ನೆಲೆ ನಿಲ್ಲು’ ಅಂದಾಗ ಊರಿನಲ್ಲಿ ನೆಲೆಸುವ ಅರ್ಥವೇ ನಿಮಗೆ ಮೊದಲು ಹೊಳೆಯುತ್ತದೆಯೇ? ತಕ್ಕಡಿಯ ಮುಳ್ಳಿಗೆ, ತೂಗಿ ತೂಗಿ ನಿಲ್ಲುವ ತೊಟ್ಟಿಲಿಗೆ, ಕದಡಿ ತಿಳಿಯಾಗುವ ಬಾವಿ ನೀರಿಗೆ ನಿಮ್ಮ ಕಡೆ ಬೇರೆ ಕ್ರಿಯಾಪದ ಏನಾದರೂ ಇದೆಯೇ? ಸಾಗರ, ತೀರ್ಥಹಳ್ಳಿ, ಶೃಂಗೇರಿ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆದರೆ ತುಂಬಾ ಉಪಕಾರ.