ಕೌದಿ ನಡುವಿಂದನೋ, ಅಂಚಿಂದನೋ?

"ಹಳೇ ಅರಿವಿ ಪದರ ಸೇರಿಸಿ ಡಬಲ್ ಕಾಟಿನ ಅಳತಿಗೆ ಒಂದು ಕೌದಿ ಹೊಲೀತೀನಿ" ಅಂತ ಪದ್ಮಾ ಅಂದದ್ದೇ ತಡ, ಗಿರಿಜಕ್ಕ ಚಹಾದ ಕಪ್ಪು ಕೆಳಗಿಟ್ಟಳು.

"ಮೊದಲನೇದ್ದಾ? ಡಬಲ್ ಕಾಟಿಗಂತ ಶುರುವಾದ ಮೊದಲ ಕೌದಿ ಅರ್ಧಕ್ಕ ನಿಂತು ಟ್ರಂಕಿನಾಗ ಮಲಗಿರ್ತಾವ. ಅವಕ್ಕ ಹೊದಿಸಾಕ ಇನ್ನೊಂದು ಕೌದಿ ಬೇಕಾಗ್ತದ. ಕೂಸಿನ ಅಳತಿ ಹಿಡಿ. 30 ಇಂಚು ಅಗಲ, 40 ಇಂಚು ಉದ್ದ."

"ಅಷ್ಟು ಸಣ್ಣದು?"

"ಸಣ್ಣದಂತ! ಇಂಚಿಗೊಂದು ಸಾಲು ಹಾಕಿದರ 40 ಇಂಚಿನವು 30 ಸಾಲು. ಲೆಕ್ಕ ಹಾಕು, 100 ಅಡಿ ಹೊಲಿಗಿ ಆತು. ಅದನ್ನ ಮುಗಿಸಿ ಬಾ, ಆಮ್ಯಾಲೆ ಕಾಟಿನ ಮಾತು."

ಪದ್ಮಾ ಹಳೇ ಅರಿವಿ ಚೀಲ ಸುರುವಿದಳು. ಶಾರದಾ ಒಂದೊಂದೇ ಎತ್ತಿ ನೋಡಿ ಪಕ್ಕಕ್ಕ ಒಗೀತಾ ಹೋದಳು.

"ಜೀನ್ಸ್ ಬ್ಯಾಡ, ಪದರ ಸೇರಿದಲ್ಲಿ ಸೂಜಿ ಮುರೀತದ. ಈ ಪಾಲಿಸ್ಟರ್ರೂ ಬ್ಯಾಡ. ಹತ್ತಿ ಅರಿವಿ ತೊಳದರ ಕುಗ್ಗತದ, ಇದು ಜಪ್ಪಯ್ಯ ಅಂದ್ರೂ ಕುಗ್ಗಂಗಿಲ್ಲ. ಇಬ್ಬರ ಜಗಳದಾಗ ನಿನ್ನ ಕೌದಿ ಹಪ್ಪಳದಂಗ ಉಬ್ಬತದ. ಹತ್ತಿನೂ ಮೊದಲ ತೊಳದು ಒಣಗಿಸಿನ ಕತ್ತರಿಸು."

"ಈ ಕೆಂಪು ಸೀರಿ ತುಂಡು?"

"ಬಿಳೇ ಚಿಂದಿ ತೋಯಿಸಿ ಒತ್ತಿ ನೋಡು. ಚಿಂದಿ ಕೆಂಪಾದರ ಕೂಸೂ ಕೆಂಪಾಗ್ತದ. ಎರಡು ಹೆಬ್ಬೆರಳಿನಾಗ ಹಿಡದು ಜಗ್ಗಿನೂ ನೋಡು. ಚರ್ ಅಂದ್ರ ಅದು ಕೌದಿಗಲ್ಲ, ಒಲಿ ಒರಸಾಕ."

ತಳಕ್ಕ ಒಂದು ಹಳೇ ಸೀರಿ, ನಡುವ ಎರಡು ಪದರ ಧೋತರ, ಮ್ಯಾಲೆ ತುಂಡು ಅಂತ ಠರಾವಾತು. ಐದು ಪದರ ಹಾಕಿದರ ಇನ್ನೂ ಬೆಚ್ಚಗಲ್ಲೇನು ಅಂದಳು ಪದ್ಮಾ. "ಕೂಸು ಬೆಚ್ಚಗಿರ್ತದ, ನಿನ್ನ ಬೆರಳು ಸತ್ತು ಹೋಗ್ತದ" ಅಂದಳು ಗಿರಿಜಕ್ಕ. "ತುಂಡು ಆರಿಂಚಿನ ಚೌಕ ಮಾಡು, 48. ಅರ್ಧರ್ಧ ಇಂಚು ಹೊಲಿಗಿಗೆ ಹೋಗಿ ಐದಿಂಚು ಉಳೀತದ. ಅಡ್ಡ ಆರು, ಉದ್ದ ಎಂಟು, ಸರಿ ಕೂಡ್ತದ. ತ್ರಿಕೋನದ ಆಸೆ ಬಿಡು, ಓರೆ ಕತ್ತರಿಸಿದ ಅಂಚು ಹಿಡಿದಲ್ಲೆಲ್ಲ ಜಗ್ಗತದ. ತುಂಡೆಲ್ಲ ಮಷಿನ್ನಿನ ಮ್ಯಾಲೆ ಜೋಡಿಸಿ, ಪದರ ಹಾಸಿ, ಪದರ ಸರಿಯದಂಗ ಗೇಣಿಗೊಂದು ಕಚ್ಚಾ ಹೊಲಿಗಿ ಹಾಕಿ, ನಡುವಿಂದ ಹೊಲೀತಾ ಅಂಚಿಗೆ ಬಾ."

"ತಪ್ಪು!" ಶಾರದಾ ನೆಟ್ಟಗ ಕೂತಳು. "ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಆಫ್ರಿಕಾ ಮೂಲದ ಸಿದ್ದಿ ಹೆಣ್ಣುಮಕ್ಕಳು ಅಂಚಿಂದ ಶುರು ಮಾಡ್ತಾರ. ಮೂಲ್ಯಾಗ ಒಂದು ತುಂಡು, ಅದರ ಹೊರ ಅಂಚು ಒಳಗ ಮಡಚಿ ಹೊಲಿಗಿ. ಒಳ ಅಂಚು ಹಂಗ ಬಿಡು, ಮುಂದಿನ ತುಂಡಿನ ಮಡಿಕಿ ಅದನ್ನ ಮುಚ್ಚತದ. ಸುತ್ತ ಸುತ್ತಿಕೋತ ನಡುವಿಗೆ ಬಂದು ಮುಗಿಸೂದು. ಮಷಿನ್ ಬ್ಯಾಡ, ಕಚ್ಚಾ ಹೊಲಿಗಿನೂ ಬ್ಯಾಡ."

"ನಡುವ ಅರಿವಿ ಉಬ್ಬಿ ದಿಬ್ಬ ಆದರ?"

"ಮುಂದಿನ ತುಂಡು ನಾಕೆಳಿ ಹೆಚ್ಚು ಒಳಗ ಸರಿಸು, ದಿಬ್ಬ ನುಂಗತದ."

ಗಿರಿಜಕ್ಕ ಸುಮ್ಮನಾದಳು. ಆಕಿ ಸುಮ್ಮನಾಗೂದು ಒಪ್ಪಿಗಿ ಅಲ್ಲ, ಲೆಕ್ಕ. "ಹಂಗಾದರ ಎರಡೂ ಖರೇ. ತುಂಡು ಬಿಡಿ ಇದ್ದಾಗ ಹೆಚ್ಚಾದ ಅರಿವಿ ಮಡಿಕ್ಯಾಗ ಅಡಗತದ, ಅಂಚಿಂದ ಬರಬಹುದು. ಮೊದಲ ಜೋಡಿಸಿದ್ದಕ್ಕ ಅಡಗಾಕ ಜಾಗ ಎಲ್ಲದ? ಅದನ್ನ ನಡುವಿಂದ ನೂಕಿಕೋತ ಹೊರಗ ಹಾಕಬೇಕು. ಅದಕ್ಕ ತಳದ ಸೀರಿ ಸುತ್ತ ಎರಡಿಂಚು ಹೆಚ್ಚು ಬಿಟ್ಟಿರು, ಕಡೀಕ ಮ್ಯಾಲೆ ಮಡಚಿ ಅಂಚು ಕಟ್ಟಾಕ. ತಪ್ಪು ಒಂದೇ, ಜೋಡಿಸಿದ್ದನ್ನ ಅಂಚಿಂದ ಹೊಲಿಯೂದು. ನಡುವ ಹುಬ್ಬಳ್ಳಿ ಹೊಸ ಬಸ್ ಸ್ಟ್ಯಾಂಡಿನ ಸ್ಪೀಡ್ ಬ್ರೇಕರ್ ಆಗ್ತದ."

"ದಾರ ಒಂದು ಮಾರು ತೊಗೋತೀನಿ, ಮತ್ತ ಮತ್ತ ಪೋಣಿಸೂದು ಬ್ಯಾಸರ" ಅಂದಳು ಪದ್ಮಾ.

ಇಬ್ಬರೂ ಒಮ್ಮೆಲೆ ಹೌಹಾರಿದರು. ಮಾರುದ್ದ ದಾರ ತನಗ ತಾನ ಗಂಟು ಹಾಕ್ಕೋತದ, ಪದರ ಪದರ ದಾಟಿ ಕಡೇ ತನಕ ಸವದು ಹರೀತದ. ಮೊಳದುದ್ದ ಸಾಕು, ದಪ್ಪ ಹತ್ತಿ ದಾರ, ಮೇಣಬತ್ತಿ ಮ್ಯಾಲೆ ಒಮ್ಮೆ ಎಳದು. ಗಂಟು ಪದರದ ಒಳಗ ಜಗ್ಗಿ ಬಿಟ್ಟರ ಕೂಸಿಗೆ ಚುಚ್ಚಂಗಿಲ್ಲ. ಹೊಲಿಗಿ ಕಾಲಿಂಚು, ನಡುವ ಬಿಡೂದೂ ಕಾಲಿಂಚು. ನಾಕು ಹೊಲಿಗಿ ಸೂಜಿ ಮ್ಯಾಲೆ ಏರಿಸಿ ಎಳಿ, ಎಳದ ಮ್ಯಾಲೆ ಅಂಗೈಯಿಂದ ಸವರಿ ಸಡಿಲು ಮಾಡು. ಬಿಗಿ ಎಳದರ 40 ಇಂಚಿನ ಕೌದಿ ಚೀಲದಂಗ ಮುದುಡತದ.

"ಸಾಲಿಗೊಮ್ಮೆ ತಳಕ್ಕ ಕೈ ಹಾಕಿ ನೋಡು" ಅಂದಳು ಶಾರದಾ. "ತೊಡಿ ಮ್ಯಾಲೆ ಇಟ್ಟು ಹೊಲಿಯೂವಾಗ ಉಟ್ಟ ಸೀರಿನೂ ಕೌದಿಗೆ ಸೇರತದ. ಆಮ್ಯಾಲೆ ಬಾಗಿಲಿಗೆ ಯಾರರ ಬಂದರ ಕೌದಿ ಸಮೇತ ಏಳಬೇಕು."

"ಎಲ್ಲಾ ಆದಮ್ಯಾಲೆ ನಾಕೂ ಮೂಲಿಗೆ ಬಣ್ಣದ ಅರಿವಿ ತ್ರಿಕೋನ ಮಡಚಿ ಹಚ್ಚತಾರ ಸಿದ್ದಿ ಮಂದಿ. ಫುಲ ಅಂತಾರ. ಅದಿಲ್ಲದ್ದು ಅವರ ಲೆಕ್ಕದಾಗ ಬೆತ್ತಲೆ ಕೌದಿ" ಅಂತ ಶಾರದಾನ ಮಾತು ಮುಂದುವರಿಸಿದಳು.

ಪದ್ಮಾನ ಮುಖ ಬಾಡಿತು. "ಈಗಷ್ಟ ತ್ರಿಕೋನ ಬ್ಯಾಡ ಅಂದ್ರಿ?"

"ಅದು ಕತ್ತರಿಸಿದ್ದಲ್ಲ, ಚೌಕ ಮಡಚಿದ್ದು" ಅಂದಳು ಗಿರಿಜಕ್ಕ. "49, 50, 51, 52. ಇನ್ನ ನಾಕು ಚೌಕ ಕತ್ತರಿಸು."