ಪಿಯುಸಿ ಹುಡುಗಿಯ ಚಕ್ಕುಲಿ ವ್ಯಾಪಾರ: ಮೊದಲು ಏನು ಕಲಿಯಬೇಕು?

ಹಾಸನ ಮಾವ: ನನ್ನ ಅಕ್ಕನ ಮಗಳಿಗೆ 16 ವರ್ಷ, ಮೊದಲ ಪಿಯುಸಿ. ಗೌರಿ ಹಬ್ಬದಿಂದ ವಾಟ್ಸಾಪ್‌ನಲ್ಲಿ ಚಕ್ಕುಲಿ, ಕೋಡುಬಳೆ ಆರ್ಡರ್ ತೆಗೆದುಕೊಳ್ಳುತ್ತಿದ್ದಾಳೆ. ಚಕ್ಕುಲಿ ಕೆಜಿಗೆ 320 ರೂಪಾಯಿ. ಆರ್ಡರ್ ಏನೋ ಬರುತ್ತಿದೆ, ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಈ ವಯಸ್ಸಿನಲ್ಲಿ ಸ್ವಂತ ವ್ಯಾಪಾರ ಮಾಡುವವರು ಮೊದಲು ಏನು ಕಲಿಯಬೇಕು?

ಚಂದ್ರಕಲಾ: ಮಾತು. ಗಿರಾಕಿ ಹತ್ತಿರ ನಾಚಿಕೆ ಬಿಟ್ಟು ಮಾತಾಡಲು ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಬೆಂಗಳೂರಿನ ಸುಹಾಸ್ ಗೋಪಿನಾಥ್ 14ನೇ ವಯಸ್ಸಿಗೆ ಗ್ಲೋಬಲ್ಸ್ ಅನ್ನುವ ಐಟಿ ಕಂಪನಿ ಶುರುಮಾಡಿದವರು. ಅದಕ್ಕೂ ಮೊದಲು ಸೈಬರ್ ಕೆಫೆಗೆ ಕೊಡಲು ಅವರ ಹತ್ತಿರ ಕಾಸಿರಲಿಲ್ಲ. ಮಧ್ಯಾಹ್ನ ಅಂಗಡಿ ನಾನು ನೋಡಿಕೊಳ್ಳುತ್ತೇನೆ, ಬದಲಿಗೆ ಇಂಟರ್‌ನೆಟ್ ಬಳಸಲು ಬಿಡಿ ಅಂತ ಮಾಲೀಕರನ್ನು ಒಪ್ಪಿಸಿದರು. ಅದು ಮಾತಿನ ಬಲ ಅಲ್ವಾ?

ಲೆಕ್ಕದ ರಘು: ಅದೇ ಸುಹಾಸ್ ಕಂಪನಿಯನ್ನು ಅಮೆರಿಕದಲ್ಲಿ ಯಾಕೆ ನೋಂದಾಯಿಸಿದರು? ಇಲ್ಲಿ 18 ತುಂಬಿರಬೇಕು, ಅದಕ್ಕೆ. 1872ರ ಕರಾರು ಕಾಯ್ದೆಯ 11ನೇ ಕಲಂ ಓದಿ. ಅಪ್ರಾಪ್ತರ ಕರಾರು ಮೊದಲಿನಿಂದಲೇ ಊರ್ಜಿತವಲ್ಲ ಅಂತ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ಮೊಹೋರಿ ಬೀಬಿ ಪ್ರಕರಣದಲ್ಲಿ ಹೇಳಿದೆ. ಮಾತು ಆಮೇಲೆ, ಮೊದಲು ಕಾನೂನು.

ಪ್ರದೀಪ್: "18 ತುಂಬಿರಬೇಕು" ಅಂತ ಮಕ್ಕಳನ್ನು ಸುಮ್ನೆ ಹೆದರಿಸಬೇಡಿ. 10 ವರ್ಷ ದಾಟಿದವರು ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ.

ಲೆಕ್ಕದ ರಘು: ಖಾತೆ ಬೇರೆ, ಸಾಲ ಬೇರೆ. ಆ ಪಾಸ್‌ಬುಕ್ ಹಿಡಿದು ಹೋಗಿ ಪ್ಯಾಕಿಂಗ್ ಮಷಿನ್‌ಗೆ ಲೋನ್ ಕೇಳಿ ನೋಡಿ. ಇನ್ನೊಂದು ಮಾತು. ಮನೆಯಲ್ಲಿ ಮಾಡಿ ಮಾರುವ ತಿಂಡಿಗೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅಮ್ಮನ ಹೆಸರಲ್ಲಿ ಮಾಡಿಸಿ.

ಸವಿತಾ, ದಾವಣಗೆರೆ: ನೋಂದಣಿ ಅಮ್ಮನ ಹೆಸರಲ್ಲಿ, ಸರಿ. ಬಾಣಲೆ ಮುಂದೆ ನಿಲ್ಲುವುದು ಯಾರು? 320ರಲ್ಲಿ ಅವರ ಕೂಲಿ ಎಷ್ಟು?

ಹಾಸನ ಮಾವ: ಕರಿಯುವುದು ಅಕ್ಕ. ಒತ್ತುವುದು, ತೂಕ, ಪ್ಯಾಕಿಂಗ್, ಆರ್ಡರ್ ಎಲ್ಲ ಹುಡುಗಿ. ಕೂಲಿ ಅಂತ ಹಾಕಿಲ್ಲ ಮೇಡಂ. ಅಕ್ಕಿ ಹಿಟ್ಟು, ಉದ್ದು, ಬೆಣ್ಣೆ, ಎಣ್ಣೆ, ಗ್ಯಾಸು, ಕವರ್ ಸೇರಿ ಕೆಜಿಗೆ 210 ಬೀಳುತ್ತದೆ.

ಪ್ರದೀಪ್: ಅಮ್ಮನಿಗೆ ಕೂಲಿನಾ? ಮಕ್ಕಳಿಗೆ ಸಹಾಯ ಮಾಡಿ ಬಿಲ್ ಕೊಡುವ ತಾಯಿ ನಮ್ಮ ಕಡೆ ಇಲ್ಲ ಬಿಡಿ.

ಸವಿತಾ, ದಾವಣಗೆರೆ: ಸಹಾಯ ಅಂತೀರಾ? ನೀವು ಚಕ್ಕುಲಿ ಕರಿದಿದ್ದೀರಾ? ಉರಿ ಜಾಸ್ತಿಯಾದರೆ ಮೇಲೆ ಕೆಂಪು, ಒಳಗೆ ಹಸಿ. ನೊರೆ ಇಳಿಯುವವರೆಗೆ ಅಲ್ಲಿಂದ ಕದಲುವಂತಿಲ್ಲ. 5 ಕೆಜಿ ಆರ್ಡರ್ ಅಂದರೆ ಮಧ್ಯಾಹ್ನ ಪೂರ್ತಿ ಒಲೆ ಮುಂದೆ. ಪೂರ್ತಿ ಆರದೆ ಕವರ್‌ಗೆ ತುಂಬಿದರೆ ಮೆತ್ತಗಾಗುತ್ತದೆ, ಆಗ ಬೈಗುಳವೂ ಅವರಿಗೇ.

ಚಂದ್ರಕಲಾ: ಮೆತ್ತಗಾಯಿತು ಅಂತ ಗಿರಾಕಿ ಫೋನ್ ಮಾಡಿದಾಗ ಮಾತೇ ಬೇಕಾಗುವುದು. ಅದನ್ನೇ ನಾನು ಮೊದಲು ಹೇಳಿದ್ದು.

ಪ್ರದೀಪ್: ಮಧ್ಯಾಹ್ನ ಪೂರ್ತಿ ಅಂತೀರಲ್ಲ, ಅದಕ್ಕೆಲ್ಲ ದುಡ್ಡು ಹಾಕಿದರೆ ಕೆಜಿ 400 ದಾಟುತ್ತದೆ. ನಮ್ಮ ಬೀದಿ ಬೇಕರಿಯಲ್ಲಿ 280ಕ್ಕೆ ಸಿಗುತ್ತದೆ. ಯಾರು ಕೊಳ್ಳುತ್ತಾರೆ?

ಸವಿತಾ, ದಾವಣಗೆರೆ: ಬೆಣ್ಣೆ ಹಾಕಿ ಮನೆಯಲ್ಲಿ ಕರಿದದ್ದಕ್ಕೂ ಬೇಕರಿ ಮಾಲಿಗೂ ಒಂದೇ ದರನಾ? 400ಕ್ಕೆ ಯಾರೂ ಕೊಳ್ಳಲ್ಲ ಅಂದರೆ ಆ ವ್ಯಾಪಾರ ನಿಂತಿರುವುದೇ ಅಮ್ಮನ ಪುಕ್ಕಟೆ ದುಡಿಮೆ ಮೇಲೆ.

ಲೆಕ್ಕದ ರಘು: ಪುಕ್ಕಟೆ ಅಂದಿರಲ್ಲ, ಇದು ಲೆಕ್ಕದ ಪ್ರಶ್ನೆಯೂ ಹೌದು. ಅಕ್ಕನಿಗೆ ಕೈನೋವು ಬಂದು ಒಂದು ವಾರ ಕೂತರೆ ಕರಿಯುವುದು ಯಾರು? ಹೊರಗಿನವರನ್ನು ಕರೆದರೆ ಉಳಿಯುವ 110ರಲ್ಲೇ ಅವರಿಗೂ ಕೊಡಬೇಕು. ಅಸಲು ಅಂದರೆ ಹಿಟ್ಟು, ಎಣ್ಣೆ ಅಷ್ಟೇ ಅಲ್ಲ.

ಪ್ರದೀಪ್: ಹೊರಗಿನವರನ್ನು ಯಾಕೆ ಎಳೆದು ತರುತ್ತೀರಿ? ಇದು ಮನೆ ವಿಷಯ. ಹದಿನಾರು ವರ್ಷದ ಹುಡುಗಿ ಏನೋ ಉತ್ಸಾಹದಿಂದ ಮಾಡುತ್ತಿದ್ದಾಳೆ. ಅದಕ್ಕೂ ತಣ್ಣೀರು ಎರಚಬೇಕಾ?

ಸವಿತಾ, ದಾವಣಗೆರೆ: ಮನೆ ವಿಷಯ! ನಮ್ಮ ಮನೆ ವಿಷಯ ಹೇಳುತ್ತೇನೆ, ಕೇಳಿ. ನನ್ನ ಅಣ್ಣ ಕಾಲೇಜಿನಲ್ಲಿದ್ದಾಗ ಹಪ್ಪಳ ಮಾರಿದ. ಊರೆಲ್ಲ ಅವನನ್ನು ಹೊಗಳಿತು. ಒತ್ತಿದ್ದು ಅಮ್ಮ, ಮಹಡಿ ಮೇಲೆ ಬಿಸಿಲಲ್ಲಿ ಹರವಿದ್ದು ಅಮ್ಮ. ಆ ದುಡ್ಡಲ್ಲಿ ಅವಳಿಗೆ ಒಂದು ಸೀರೆಯೂ ಬರಲಿಲ್ಲ. ಅಣ್ಣ ಕೆಟ್ಟವನಲ್ಲ. ಲೆಕ್ಕದಲ್ಲಿ ಅಮ್ಮನಿಗೆ ಒಂದು ಸಾಲು ಬರಿ ಅಂತ ಅವನಿಗೆ ಯಾರೂ ಹೇಳಿಕೊಡಲಿಲ್ಲ.

ಪ್ರದೀಪ್: ಸೀರೆ ತರದಿದ್ದದ್ದು ನಿಮ್ಮ ಅಣ್ಣನ ತಪ್ಪು. ಅದನ್ನು ಈ ಹುಡುಗಿ ತಲೆಗೆ ಕಟ್ಟಬೇಡಿ.

ಹಾಸನ ಮಾವ: ದಯವಿಟ್ಟು ಜಗಳ ಬೇಡ. ನೆಂಟರು, ಪಕ್ಕದ ಮನೆಯವರು ಡಬ್ಬ ಒಯ್ದು ಆಮೇಲೆ ಕೊಡುತ್ತೇವೆ ಅಂತಾರೆ. ಅದಕ್ಕೇನು ಮಾಡುವುದು?

ಚಂದ್ರಕಲಾ: ನೋಡಿ, ಬಾಕಿ ಕೇಳಲೂ ಮಾತೇ ಬೇಕು.

ಲೆಕ್ಕದ ರಘು: ಯಾರು ಎಷ್ಟು ಉದ್ರಿ ಅಂತ ಬರೆದಿಟ್ಟಿದ್ದರೆ ತಾನೇ ಕೇಳುವುದು? ಬರೆದಿದ್ದಾಳಾ?

ಹಾಸನ ಮಾವ: ಇಲ್ಲ. ಚಾಟ್ ನೋಡಿ ನೆನಪಿಟ್ಟುಕೊಳ್ಳುತ್ತಾಳೆ.

ಸವಿತಾ, ದಾವಣಗೆರೆ: ಬರೆಯಲು ಶುರುಮಾಡಿದಾಗ ಅಮ್ಮನ ಗಂಟೆಗಳನ್ನೂ ಬರೆಯಲಿ. ಮದುವೆ ಮನೆಗೆ ಬರುವ ಅಡುಗೆಯವರ ದರದಲ್ಲಿ.

ಪ್ರದೀಪ್: ಬರೆದಿಟ್ಟು ದುಡ್ಡು ಕೊಡದಿದ್ದರೆ ಅಮ್ಮನಿಗೆ ಮಗಳು ಸಾಲಗಾರಳಾಗುತ್ತಾಳೆ. ಇದನ್ನು ನಾನು ಒಪ್ಪಲ್ಲ.

ಸವಿತಾ, ದಾವಣಗೆರೆ: ಈಗಲೂ ಸಾಲಗಾರಳೇ. ಎಷ್ಟು ಅಂತ ಗೊತ್ತಿಲ್ಲ, ಅಷ್ಟೇ.

ಲೆಕ್ಕದ ರಘು: ಹಾಸನ ಮಾವ, ಈ ತಿಂಗಳ ಆರ್ಡರ್, ಬಂದ ದುಡ್ಡು, ಉದ್ರಿ ಮೂರನ್ನೂ ಒಂದು ಹಾಳೆಯಲ್ಲಿ ಅವಳಿಂದಲೇ ಬರೆಸಿ ಇಲ್ಲಿ ಹಾಕಿ. ಕೂಲಿ ಹಾಕಿದ ದರ, ಹಾಕದ ದರ ಎರಡನ್ನೂ ಲೆಕ್ಕ ಮಾಡಿ ಕೊಡುತ್ತೇನೆ. ಪ್ರದೀಪ್ ಅವರೂ ನೋಡಲಿ.